ಸಾಕಿದ ಮಗಳಿಗೆ ಹೆಸರೂ ಬೇಕು, ಹಾಲಿನ ದುಡ್ಡೂ ಬೇಕು



ಈ ಸಲದ ಅಂಚೆಯಲ್ಲಿ ಅಡುಗೆ, ಹೊಲಿಗೆಯ ಪ್ರಶ್ನೆಗಳಿಗಿಂತ ಮಕ್ಕಳ ಪ್ರಶ್ನೆಗಳೇ ಹೆಚ್ಚು. ಅವೂ ತುಂಗಭದ್ರೆಯ ಆಸುಪಾಸಿನ ಊರುಗಳಿಂದಲೇ ಬಂದಿವೆ. ಬದನೆಕಾಯಿ ಎಣ್ಣೆಗಾಯಿ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ತಾಳಬೇಕು.

ಕಂಪ್ಲಿಯ ಒಬ್ಬ ತಾಯಿ ಬರೆದಿದ್ದಾರೆ: "ಅಕ್ಕಾರೇ, ನನ್ನ ತಂಗಿ ತೀರ್ಕೊಂಡು ಮೂರು ವರ್ಷ ಆತು. ಹೋದ ವರ್ಷ ಅವಳ ಗಂಡನೂ ಹೋದ. ಅವರ ಮಗಳು ಏಳು ವರ್ಷದಾಕಿ, ನನ್ನ ಹತ್ರಾನೇ ಬೆಳೀತಿದಾಳೆ. ನನಗೆ ಎರಡು ಗಂಡುಮಕ್ಕಳು. ನಮ್ಮ ಯಜಮಾನ್ರು ರೈಸ್ ಮಿಲ್ಲಿನಾಗ ಹಮಾಲಿ. ಅಮೆರಿಕಾದಾಗ ದತ್ತು ತಗೊಂಡೋರಿಗೆ ಸರ್ಕಾರ ತಿಂಗಳಾ ದುಡ್ಡು ಕೊಡತೈತಂತೆ. ನಮ್ಮಲ್ಲೂ ಐತೇನು? ಇದ್ರೆ ಇವಳನ್ನ ದತ್ತು ಅಂತ ಬರೆಸಿಬಿಡ್ತೀನಿ."

ಅಮೆರಿಕದ ಸುದ್ದಿ ನಿಜ ತಾಯಿ. ಅಲ್ಲಿ 1980ರಲ್ಲೇ ಅದಕ್ಕೊಂದು ಕಾಯ್ದೆ ಆಯಿತು. ಸರ್ಕಾರದ ಆಶ್ರಯದಲ್ಲಿದ್ದು ಸುಲಭವಾಗಿ ಮನೆ ಸಿಗದ ಮಕ್ಕಳನ್ನು ದತ್ತು ತೆಗೆದುಕೊಂಡವರಿಗೆ ತಿಂಗಳ ನೆರವು ಸಿಗುತ್ತೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ದತ್ತಾದ ಮಗು ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಸಮ. ಸ್ವಂತ ಮಗುವನ್ನು ಸಾಕಲು ದತ್ತಿನ ಲೆಕ್ಕದಲ್ಲಿ ಸರ್ಕಾರ ತಿಂಗಳಾ ದುಡ್ಡು ಕೊಡುವುದಿಲ್ಲ. ಹಾಗಂತ ಕಾಗದ ಮಡಚಿ ಇಡಬೇಡಿ. ದತ್ತಾಗದೆ ನಿಮ್ಮ ಮನೆಯಲ್ಲಿರುವ ತಬ್ಬಲಿ ಮಗುವಿಗೆ ನೆರವು ಇದೆ! ಈ ವಿಷಯ ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ.

ಅದರ ಹೆಸರು ಪ್ರಾಯೋಜಕತ್ವ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಂತೆ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ. ಮುಂಚೆ 2,000 ಇತ್ತು. ತಂದೆತಾಯಿ ಇಬ್ಬರೂ ಇಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುವ ಮಕ್ಕಳು, ವಿಧವೆಯರ, ಗಂಡ ಬಿಟ್ಟುಹೋದವರ ಮಕ್ಕಳು, ತಂದೆತಾಯಿ ಮಾರಕ ರೋಗಕ್ಕೆ ಸಿಕ್ಕ ಮಕ್ಕಳು ಇದಕ್ಕೆ ಸೇರುತ್ತಾರೆ. ಮನೆಯ ವರಮಾನ ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000 ಮೀರಿರಬಾರದು. ಹಮಾಲಿಯವರ ಸಂಪಾದನೆ ಸುಗ್ಗಿಯಲ್ಲಿ ಒಂಥರಾ, ಮಳೆಗಾಲದಲ್ಲಿ ಇನ್ನೊಂಥರಾ. ತಹಶೀಲ್ದಾರರ ಕಚೇರಿಯಿಂದ ಬರುವ ಆದಾಯ ಪ್ರಮಾಣಪತ್ರದಲ್ಲಿ ಏನು ಬರೆದಿದೆ ಅಂತ ಮೊದಲು ಓದಿ ನೋಡಿ. ತಂದೆತಾಯಿ ಕೋವಿಡ್‌ನಿಂದ ಹೋದ ಮಕ್ಕಳಿಗಾಗಿ ನಮ್ಮ ರಾಜ್ಯ 2021ರಲ್ಲಿ ತಿಂಗಳಿಗೆ 3,500 ರೂಪಾಯಿಯ ಬಾಲ ಸೇವಾ ಯೋಜನೆ ತಂದಿತ್ತು. ಅದು ಬೇರೆ, ಇದು ಬೇರೆ.

ಈಗ ನಿಜವಾದ ಕಗ್ಗಂಟಿಗೆ ಬರೋಣ. ಮಗಳನ್ನು ದತ್ತು ಮಾಡಿಕೊಂಡರೆ ಅವಳು ನಿಮ್ಮ ಮಗಳಾಗುತ್ತಾಳೆ, ತಬ್ಬಲಿ ಅನ್ನಿಸಿಕೊಳ್ಳುವುದಿಲ್ಲ. ಆಗ ತಬ್ಬಲಿ ಮಗುವೆಂಬ ಕಾರಣಕ್ಕೆ ನೆರವು ಕೇಳುವ ಆಧಾರವೇ ಹೋಗುತ್ತೆ. ದತ್ತು ಮಾಡದಿದ್ದರೆ ನೆರವು ಬಂದೀತು, ಆದರೆ ನಾಳೆ ನಿಮ್ಮ ಮನೆ, ಜಾಗದಲ್ಲಿ ಅವಳಿಗೆ ಗಂಡುಮಕ್ಕಳ ಸಮಾನ ಹಕ್ಕಿಲ್ಲ. ದೊಡ್ಡಮ್ಮನ ಪ್ರೀತಿ ಒಂದೇ ಆಸ್ತಿ.

ನನ್ನನ್ನು ಕೇಳಿದರೆ, ಮೊದಲು ಪ್ರಾಯೋಜಕತ್ವಕ್ಕೆ ಅರ್ಜಿ ಹಾಕಿ. ಹಾಲು, ಬಟ್ಟೆ, ಶಾಲೆಯ ಖರ್ಚು ಇವತ್ತಿನದು, ಅದಕ್ಕೆ ಇವತ್ತೇ ದುಡ್ಡು ಬೇಕು. ದತ್ತಿಗೆ ವೇಳೆ ಇದೆ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಮಗುವಿಗೆ 15 ತುಂಬುವ ಮುಂಚೆ, 2015ರ ಬಾಲ ನ್ಯಾಯ ಕಾಯ್ದೆಯಲ್ಲಿ 18 ತುಂಬುವ ಮುಂಚೆ ಮಾಡಬಹುದು. ಹಿಂದೂ ಕಾಯ್ದೆಯಲ್ಲಿ ಮಗಳಿದ್ದವರು ಇನ್ನೊಬ್ಬ ಮಗಳನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ನಿಮಗಿರುವುದು ಗಂಡುಮಕ್ಕಳು, ಆ ತೊಡಕಿಲ್ಲ. ಆದರೆ ತಂದೆತಾಯಿ ಇಬ್ಬರೂ ಇಲ್ಲವಾದ್ದರಿಂದ ಪಾಲಕರು ಕೋರ್ಟಿನ ಅನುಮತಿ ಪಡೆದೇ ಕೊಡಬೇಕು. ಬಾಲ ನ್ಯಾಯ ಕಾಯ್ದೆಯ ದಾರಿಯಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಒಪ್ಪಿಗೆ ಬೇಕು, ಕೊನೆಯ ಆದೇಶ ಜಿಲ್ಲಾಧಿಕಾರಿಗಳದ್ದು. 2022ರ ಸೆಪ್ಟೆಂಬರಿನಿಂದ ಈ ಆದೇಶಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ತಾಯಿಯ ಅಕ್ಕ ಅಂದರೆ ಕಾನೂನಿನ ಕಣ್ಣಿನಲ್ಲೂ ಹತ್ತಿರದ ಬಂಧುವೇ. ಅಂತೂ ನೂರು ರೂಪಾಯಿ ಛಾಪಾ ಕಾಗದದ ಮೇಲೆ "ಬರೆಸಿಬಿಡೋದು" ದತ್ತಲ್ಲ ತಾಯಿ, ಬರೆದವನ ಕೂಲಿ ದಂಡ.

ಇನ್ನೊಂದು ಮಾತು. ಅವಳ ಅಪ್ಪನಿಂದ ಆಗಲೇ ಅವಳ ಪಾಲಿಗೆ ಬಂದ ಹೊಲ, ಮನೆ ಇದ್ದರೆ ದತ್ತಾದ ಮೇಲೂ ಅವಳದ್ದೇ. "ಬೇರೆ ಮನೆಗೆ ದತ್ತು ಹೋದಳು, ನಮ್ಮದು ನಮಗೆ ಬಿಡು" ಅಂತ ದಾಯಾದಿಗಳು ಬಂದರೆ ಬಾಗಿಲಲ್ಲೇ ಹೇಳಿ ಕಳಿಸಿ. (ತಂಗಿಯ ಮಗಳಾದ್ದರಿಂದ ಒಂದು ನೆಮ್ಮದಿ. ಅಣ್ಣನ ಮಗಳನ್ನು ಸಾಕಿದ್ದರೆ "ಸೊಸೆ ಮಾಡ್ಕೊಳ್ಳಾಕೆ ಸಾಕ್ತಿದಾಳೆ" ಅಂತ ಓಣಿಯವರು ಈಗಾಗಲೇ ಮಾತಾಡಿರುತ್ತಿದ್ದರು!)

ಹಂಪಿಗೆ ಹತ್ತಿರದ ಕಮಲಾಪುರದ ಸಹೋದರಿಯದು ಬೇರೆ ಥರ. ಇಬ್ಬರು ಹೆಣ್ಣುಮಕ್ಕಳ ಮದುವೆಯಾಗಿದೆ, ಮನೆ ಭಣಭಣ ಅನ್ನುತ್ತಿದೆ. ತಮಗೆ 46, ಯಜಮಾನರಿಗೆ 52. ಒಂದು ಮಗು ಬೇಕು ಅಂತಾರೆ. ಎರಡು ಮಕ್ಕಳಿದ್ದವರಿಗೆ ದತ್ತಿನಲ್ಲಿ ವಿಶೇಷ ಅಗತ್ಯದ ಮಕ್ಕಳು, ಸುಲಭವಾಗಿ ಮನೆ ಸಿಗದ ಮಕ್ಕಳು ಮಾತ್ರ ಅಂತ ನಿಯಮವಿದೆ. ಜೊತೆಗೆ ದಂಪತಿಗಳ ವಯಸ್ಸು ಕೂಡಿಸಿ ನೋಡುತ್ತಾರೆ. ಎರಡು ವರ್ಷದೊಳಗಿನ ಕೂಸಿಗೆ 85 ಮೀರಬಾರದು, ನಿಮ್ಮದು 98. ತೊಟ್ಟಿಲ ಆಸೆ ಬಿಡಿ. ಆದರೆ ಪೋಷಕತ್ವ ನಿಮಗೆ ಹೇಳಿ ಮಾಡಿಸಿದ ಹಾಗಿದೆ.

ಪೋಷಕತ್ವ ಅಂದರೆ, ಸಂಬಂಧಿಯಲ್ಲದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಆದೇಶದಿಂದ ಮನೆಗೆ ತಂದು ಸಾಕುವುದು. ಹೆಚ್ಚಾಗಿ ಬಾಲಮಂದಿರಗಳಲ್ಲಿರುವ ಆರು ವರ್ಷ ದಾಟಿದ ಮಕ್ಕಳು. ಇದಕ್ಕೂ ತಿಂಗಳಿಗೆ 4,000 ರೂಪಾಯಿ, ಬ್ಯಾಂಕಿನ ಖಾತೆಗೇ. 2024ರ ಹೊಸ ಮಾರ್ಗಸೂಚಿಯಲ್ಲಿ ಒಂಟಿ ಹೆಣ್ಣುಮಕ್ಕಳಿಗೂ ಅವಕಾಶ ಸಿಕ್ಕಿದೆ. ಮೊದಲು ಐದು ವರ್ಷ ಸಾಕಿದ ಮೇಲೆ ದತ್ತು ಕೇಳಬೇಕಿತ್ತು, ಈಗ ಎರಡು ವರ್ಷಕ್ಕೇ ಕೇಳಬಹುದು. ಮಗು ಕಾನೂನಿನ ಪ್ರಕಾರ ದತ್ತಿಗೆ ಮುಕ್ತವಾಗಿರಬೇಕು, ಅಷ್ಟೆ.

ಎರಡು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ಸರ್ಕಾರದ ಹಣ ಒಂದನೇ ತಾರೀಖು ಬಂದೇ ಬರುತ್ತೆ ಅಂತ ಅದನ್ನು ನಂಬಿ ಚೀಟಿ ಕಟ್ಟಬೇಡಿ. ನಾಲ್ಕು ತಿಂಗಳು ಕೈಯಿಂದ ನಡೆಸುವ ಶಕ್ತಿ ಇದ್ದರೆ ಮಾತ್ರ ಮುಂದುವರಿಯಿರಿ. ಎರಡನೆಯದು, ಹೆತ್ತ ತಾಯಿಯ ಸ್ಥಿತಿ ಸುಧಾರಿಸಿದರೆ ಮಗು ಅವಳ ಮನೆಗೆ ಹಿಂದಿರುಗಬಹುದು. ಆ ದಿನ ಬಂದರೆ ತಲೆ ಬಾಚಿ, ಹೊಸ ಬಟ್ಟೆ ಹಾಕಿ ಕಳಿಸಿಕೊಡುವ ಗಟ್ಟಿತನ ಬೇಕು. ಅದು ನಿಮ್ಮಲ್ಲಿದೆಯೇ ಅಂತ ಇಬ್ಬರೂ ರಾತ್ರಿ ಕೂತು ಮಾತಾಡಿ. ಬಂದ ಮಗು ಮೊದಮೊದಲು ರೊಟ್ಟಿ ಮುರಿದು ದಿಂಬಿನ ಕೆಳಗೆ ಬಚ್ಚಿಡಬಹುದು. ಬೈಯಬೇಡಿ. ಕೈಗೆ ಎಟುಕುವಂತೆ ಒಂದು ಡಬ್ಬಿಯಲ್ಲಿ ಮಂಡಕ್ಕಿ, ಬೆಲ್ಲ ಇಟ್ಟುಬಿಡಿ. ನಾಳೆಯೂ ಅನ್ನ ಸಿಗುತ್ತೆ ಅಂತ ಅದಕ್ಕೆ ನಂಬಿಕೆ ಬರಲಿ.

ಹೊಸಪೇಟೆಯಿಂದ ಬಂದ ಪತ್ರ ಓದಿ ನನಗೆ ಭಯವೇ ಆಯಿತು. ಮದುವೆಯಾಗಿ 12 ವರ್ಷ, ಮಕ್ಕಳಿಲ್ಲ. ಯಾರೋ ಪರಿಚಯದವರು "ಒಂದು ಕೂಸಿದೆ, ಇಷ್ಟು ಕೊಟ್ಟರೆ ರಾತ್ರಿ ತಂದುಕೊಡ್ತೀನಿ" ಅಂದಿದ್ದಾರಂತೆ. ಬೇಡ ತಂಗಿ, ಬೇಡವೇ ಬೇಡ! ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ದಂಡ. ಅದಕ್ಕಿಂತ ಹೆಚ್ಚಾಗಿ, ಎದೆಗೊತ್ತಿಕೊಂಡು ಬೆಳೆಸಿದ ಕೂಸನ್ನು ಒಂದು ದಿನ ಪೊಲೀಸರು ಬಂದು ಕರೆದುಕೊಂಡು ಹೋದರೆ ಏನು ಮಾಡುತ್ತೀರಿ? ಆ ಪರಿಚಯದವರ ವಿಷಯವನ್ನು 1098ಕ್ಕೆ ಫೋನು ಮಾಡಿ ತಿಳಿಸಿ. ಎಲ್ಲೋ ಒಬ್ಬ ಬಾಣಂತಿಯನ್ನು ಯಾರೋ ಹೆದರಿಸುತ್ತಿರಬಹುದು. ಸಾಕಲಾಗದ ತಾಯಿ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದರೆ, ಮನಸ್ಸು ಬದಲಾಯಿಸಲು ಅವಳಿಗೆ 60 ದಿನ ಕೊಡುತ್ತಾರೆ. ದಲ್ಲಾಳಿ ಅರವತ್ತು ನಿಮಿಷವನ್ನೂ ಕೊಡುವುದಿಲ್ಲ.

ನೇರ ದಾರಿ ಉದ್ದ ನಿಜ. ಕೇಂದ್ರ ದತ್ತು ಪ್ರಾಧಿಕಾರದ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು, ಮನೆ ನೋಡಲು ಬರುತ್ತಾರೆ, ಅದಕ್ಕೆ 6,000 ರೂಪಾಯಿ. ಮುಂದಿನ ಶುಲ್ಕಗಳೂ ನಿಯಮದಲ್ಲೇ ಮುದ್ರಿತವಾಗಿವೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿ, ರಸೀದಿ ಬಿಡಬೇಡಿ. ಎಳೆ ಕೂಸೇ ಬೇಕೆಂದರೆ ಮೂರು ವರ್ಷ ಮೀರಿಯೂ ಕಾಯಬೇಕಾದೀತು. ನಾಲ್ಕೈದು ವರ್ಷದ ಮಗುವಾದರೂ ಸರಿ ಅನ್ನುವವರಿಗೆ ಕಾಯುವುದು ಕಡಿಮೆ.

ಕಚೇರಿಯ ವಿಷಯದಲ್ಲಿ ಎಲ್ಲರೂ ಗೊಂದಲ ಮಾಡಿಕೊಂಡಿದ್ದೀರಿ. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ಹೊಸಪೇಟೆ, ಕಮಲಾಪುರ, ಹಂಪಿಯವರು ಹೊಸಪೇಟೆಯಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ಕಂಪ್ಲಿ, ಸಂಡೂರಿನವರು ಬಳ್ಳಾರಿಗೆ. ಹೊಸಪೇಟೆ ಹತ್ತಿರ ಅಂತ ಅಲ್ಲಿಗೆ ಹೋದರೆ ಬಸ್ಸಿನ ದುಡ್ಡು ದಂಡ.

ಕೊನೆಗೆ ಸಂಡೂರಿನ ತಂಗಿ. ಗಣಿ ಲಾರಿ ಓಡಿಸುತ್ತಿದ್ದ ಗಂಡ ತೀರಿಹೋಗಿ, ಎರಡು ಮಕ್ಕಳಲ್ಲಿ "ಚಿಕ್ಕವನನ್ನ ಯಾರಿಗಾದ್ರೂ ಕೊಟ್ಟುಬಿಡು" ಅಂತ ಅತ್ತೆಮನೆಯವರು ಒತ್ತಾಯಿಸುತ್ತಿದ್ದಾರಂತೆ. ಯಾರಿಗೂ ಕೊಡಬೇಡಮ್ಮ. ವಿಧವೆಯ ಮಕ್ಕಳು ಪ್ರಾಯೋಜಕತ್ವಕ್ಕೆ ಸೇರುತ್ತಾರೆ ಅಂತ ಮೇಲೆ ಬರೆದಿದ್ದೇನೆ. ಇಬ್ಬರಿಗೂ ಬೇರೆ ಬೇರೆ ಅರ್ಜಿ ಹಾಕು. ಗಂಡನ ಮರಣ ಪ್ರಮಾಣಪತ್ರ, ರೇಷನ್ ಕಾರ್ಡು, ಎಲ್ಲರ ಆಧಾರ್, ಆದಾಯ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪತ್ರ, ಬ್ಯಾಂಕಿನ ಪಾಸ್‌ಬುಕ್ಕು ಇಟ್ಟುಕೋ. ಎಲ್ಲಕ್ಕೂ ಎರಡೆರಡು ಝೆರಾಕ್ಸ್ ಮಾಡಿಸಿ, ಬೆಳಗಿನ ಬಸ್ಸಿಗೇ ಬಳ್ಳಾರಿಗೆ ಹೊರಡು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಚೀಟಿ ಪಡೆಯದೆ ಕಚೇರಿಯ ಮೆಟ್ಟಿಲು ಇಳಿಯಬೇಡ. ಅದರ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕು, ತಿಂಗಳಾದ ಮೇಲೆ ಮತ್ತೆ ಹೋಗಿ ವಿಚಾರಿಸು.