ಕಾಯುವವನ ಕೂಲಿ ಯಾರ ಕಣದಿಂದ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಬಿಳಿಕೆರೆಗೆ ಬಂದಿದ್ದ. ತಂದೆಯ ಹೊಗೆಸೊಪ್ಪಿನ ಹಣವನ್ನು ಬಿಟ್‌ಕಾಯಿನ್‌ನಲ್ಲಿ ತೊಡಗಿಸಿ ಮಕ್ಕಳ ಕಾಲದವರೆಗೂ ಇಡುವನಂತೆ. ಅದರ ಲೆಕ್ಕ ಕಾಯುವ ಗಣಿಗಾರರಿಗೆ ಅಲ್ಲಿಯವರೆಗೆ ಕೂಲಿ ಎಲ್ಲಿಂದ ಎಂದೆ. “ಶುಲ್ಕದಿಂದ, ಮೇಷ್ಟ್ರೇ” ಎಂದು ತೇಲಿಸಿಬಿಟ್ಟ. ಈ ತೇಲಿಸುವಿಕೆಗೇ ನನ್ನ ಆಕ್ಷೇಪ.

ಹಿಂದೆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿಗೆ ಎರಡು ಆಧಾರಗಳಿದ್ದವು: ಇನಾಮು ಭೂಮಿ, ಮತ್ತು ಸುಗ್ಗಿಯಲ್ಲಿ ರೈತರು ಕಣದಲ್ಲೇ ಅಳೆದುಕೊಡುತ್ತಿದ್ದ ಆಯ. ಗಣಿಗಾರನಿಗೂ ಎರಡೇ. ಪ್ರತಿ ಬ್ಲಾಕಿಗೆ ಹೊಸದಾಗಿ ಹುಟ್ಟುವ ನಾಣ್ಯ ಅವನ ಇನಾಮು; ಬಳಸುವವರು ತೆರುವ ಶುಲ್ಕ ಆಯ. 2009ರಲ್ಲಿ 50 ಇದ್ದ ಇನಾಮು ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು, 2140ರ ಸುಮಾರಿಗೆ ನಿಂತೇಹೋಗುತ್ತದೆ. ಕೊನೆಯ ಬಾರಿ ಅರ್ಧವಾದ ಆ ಬ್ಲಾಕಿನಲ್ಲೇ 37ಕ್ಕೂ ಹೆಚ್ಚು ಬಿಟ್‌ಕಾಯಿನ್ ಶುಲ್ಕ ಬಿದ್ದದ್ದನ್ನು ಕೆಲವರು ಸಾಕ್ಷಿಯಾಗಿ ತೋರಿಸುತ್ತಾರೆ. ಅದು ಜಾತ್ರೆಯ ದಿನದ ವ್ಯಾಪಾರ. ಜಾತ್ರೆ ಮುಗಿಯಿತು, ಶುಲ್ಕವೂ ಇಳಿಯಿತು.

ಶುಲ್ಕ ಏರಿದರೆ ಸಣ್ಣ ವ್ಯವಹಾರದವರು ದೂರ ಸರಿಯುತ್ತಾರೆ. ಏರದಿದ್ದರೆ ಗಣಿಗಾರ ಯಂತ್ರ ನಿಲ್ಲಿಸುತ್ತಾನೆ. ಕಾವಲು ತೆಳುವಾದಷ್ಟೂ ದಾಳಿ ಅಗ್ಗ. ಬೆಲೆ ಏರುತ್ತಲೇ ಇರುತ್ತದೆ ಎನ್ನುವುದು ಉತ್ತರವಲ್ಲ, ಹಾರೈಕೆ. ಮೊನೆರೊ ಎಂಬ ಮತ್ತೊಂದು ನಾಣ್ಯದಲ್ಲಿ 2022ರಿಂದ ಪ್ರತಿ ಬ್ಲಾಕಿಗೂ 0.6 ನಾಣ್ಯ ಕಾಯಂ ಕೂಲಿ. ಒಟ್ಟು ಸಂಖ್ಯೆಯ ಮಿತಿಯನ್ನು ಬಿಟ್ಟುಕೊಟ್ಟು ಕಾವಲನ್ನು ಉಳಿಸಿಕೊಂಡ ಲೆಕ್ಕವದು. (ನನಗೆ ಆ ನಾಣ್ಯದ ಮೇಲೂ ಮೋಹವಿಲ್ಲ.) ಬಿಟ್‌ಕಾಯಿನ್‌ನವರಿಗೆ 2.1 ಕೋಟಿಯ ಮಿತಿಯೂ ಬೇಕು, ಅಗ್ಗದ ಶುಲ್ಕವೂ ಬೇಕು, ಗಟ್ಟಿ ಕಾವಲೂ ಬೇಕು. ಈ ಮೂರನ್ನೂ ಒಂದೇ ಹಾಳೆಯಲ್ಲಿ ಲೆಕ್ಕಹಾಕಿ ತಾ, ಹಣದ ಮಾತು ಆಮೇಲೆ ಎಂದು ಹುಡುಗನನ್ನು ಕಳಿಸಿದ್ದೇನೆ.