ಅರಳು ಮರಳೆಂದು ಕೈಬಿಡಬೇಡಿ

ಲಿಂಗೈಕ್ಯರಾದ ನಮ್ಮ ತಂದೆಯವರು ಕೊನೆಯ ವರ್ಷಗಳಲ್ಲೂ ವಚನ ಹೇಳುವಾಗ ಒಂದಕ್ಷರ ತಪ್ಪುತ್ತಿರಲಿಲ್ಲ. ಇಷ್ಟಲಿಂಗ ಪೂಜೆ ಬಿಟ್ಟವರಲ್ಲ. ಆದರೆ ಸಂತೆಗೆ ಹೋದರೆ ಲೆಕ್ಕ ಕೈಗೂಡುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಬರಲು ಹೊತ್ತಾಗುತ್ತಿತ್ತು. ಕಾಲು ನೆಲಕ್ಕೆ ಅಂಟಿದಂತೆ ಸಣ್ಣ ಸಣ್ಣ ಹೆಜ್ಜೆ, ಮೂತ್ರಕ್ಕೆ ಅವಸರ. ಜೀವನವಿಡೀ ಕಾಯಕ ಮಾಡಿದವರು ಕಟ್ಟೆಯ ಮೇಲೆ ಸುಮ್ಮನೆ ಕೂತಾಗ, "ವಚನ ನೆನಪಿದೆ, ಕೆಲಸ ಮಾತ್ರ ಮರೆತುಹೋಯಿತೇ?" ಎಂದು ಗದರಿದವನು ನಾನೇ. ಊರವರ ಉತ್ತರ ಸಿದ್ಧವಿತ್ತು: ಅರವತ್ತಕ್ಕೆ ಅರಳು ಮರಳು.

ಸ್ಕ್ಯಾನ್ ಮಾಡಿಸಿದಾಗ ಬೇರೆಯೇ ಕಂಡಿತು. ಮೆದುಳಿನ ಆಳಕ್ಕೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳು ವರ್ಷಗಟ್ಟಲೆ ಬಿ.ಪಿ.ಯ ಹೊಡೆತ ತಿಂದು ದಪ್ಪಗಾಗಿ, ಪೆಡಸಾಗಿ, ಒಳದಾರಿ ಕಿರಿದಾಗುತ್ತದೆ. ಮೆದುಳಿನ ಭಾಗಗಳನ್ನು ಜೋಡಿಸುವ ತಂತುಗಳಿಗೆ ರಕ್ತ ಸಾಲದೆ ಹಾನಿಯಾಗುತ್ತದೆ, ಎಂ.ಆರ್.ಐ.ಯಲ್ಲಿ ಅದೇ ಬಿಳಿ ಕಲೆಗಳು. ಈ ಬೇನೆಯಲ್ಲಿ ಸಾಮಾನ್ಯವಾಗಿ ನೆನಪಿಗಿಂತ ಮೊದಲು ಯೋಚನೆಯ ವೇಗ ಕುಂದುತ್ತದೆ, ಕೆಲಸ ಹೊಂದಿಸುವ ಶಕ್ತಿ ಕುಂದುತ್ತದೆ. ಅದಕ್ಕೇ ಮನೆಮಂದಿಗೆ ಅದು ರೋಗವಾಗಿ ತೋರದೆ ಸೋಮಾರಿತನವಾಗಿ, ಹಟವಾಗಿ ತೋರುತ್ತದೆ. ಕೆಲವರು ಪೂರ್ವಜನ್ಮದ ಕರ್ಮವೆಂದು ತಾಯತ ಕಟ್ಟಿಸುವುದೂ ಉಂಟು, ಅದೂ ಬಸವಣ್ಣನವರ ಭಾವಚಿತ್ರ ತೂಗುಹಾಕಿದ ಮನೆಯಲ್ಲಿ!

ತಂದೆಯವರು ತಲೆ ನೋಯದಿದ್ದರೆ ಬಿ.ಪಿ. ಮಾತ್ರೆ ನುಂಗುತ್ತಿರಲಿಲ್ಲ. ನಮ್ಮಲ್ಲಿ ಅನೇಕರ ರೂಢಿ ಇದೇ. ಬಿ.ಪಿ. ಏರಿದ್ದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ, ಅಳೆದರಷ್ಟೇ ತಿಳಿಯುತ್ತದೆ. ಆದ ಹಾನಿ ಹೆಚ್ಚಾಗಿ ಮರಳಿ ಸರಿಹೋಗದು, ಮುಂದಿನದನ್ನು ತಗ್ಗಿಸಬಹುದು. ಅಮೆರಿಕದಲ್ಲಿ 50 ದಾಟಿದ 9,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಮೇಲಿನ ಅಂಕಿಯನ್ನು 140ರ ಬದಲು 120ರ ಕೆಳಗಿಡಲು ಚಿಕಿತ್ಸೆ ಪಡೆದವರಲ್ಲಿ ಬುದ್ಧಿಶಕ್ತಿಯ ಆರಂಭದ ಕುಸಿತ ಕಡಿಮೆಯಿತ್ತು. (ಎಲ್ಲ ವೃದ್ಧರಿಗೂ 120 ಒಗ್ಗದು, ಅದನ್ನು ವೈದ್ಯರೇ ಹೇಳಬೇಕು.)

ನನ್ನ ಬೇಡಿಕೆ ದೊಡ್ಡದಲ್ಲ. ತಿಂಗಳ ಶಿವಾನುಭವ ಗೋಷ್ಠಿಯ ದಿನ ಪ್ರತಿ ಮಠದ ಬಾಗಿಲಲ್ಲಿ ಒಂದು ಬಿ.ಪಿ. ಯಂತ್ರವಿರಲಿ, ಹೆಚ್ಚು ಬಂದವರನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಲಿ. ದಾಸೋಹದಲ್ಲಿ ಉಪ್ಪು ಇಳಿಯಲಿ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. "ಮಠ ಆಸ್ಪತ್ರೆಯಲ್ಲ" ಎಂದರು ಹಿರಿಯರೊಬ್ಬರು. ಅರಿವನ್ನೇ ಗುರುವೆಂದವರು ಅರಿವು ನಂದಿಸುವ ಬೇನೆಯನ್ನು ಹೊರಗಿನದೆನ್ನುವುದು ಹೇಗೆ?

ಮುಂದಿನ ಗೋಷ್ಠಿಗೆ ನಮ್ಮೂರ ಮಠದಲ್ಲಿ ಯಂತ್ರ ಹಿಡಿದು ನಾನೇ ಕೂಡುತ್ತೇನೆ. ಪೂಜ್ಯರು ಒಪ್ಪಿದ್ದಾರೆ. ಉಪ್ಪಿನಕಾಯಿಯ ವಿಚಾರ ಮಾತ್ರ ಅಡುಗೆಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.