ಐದು ಗಂಟೆ ಮೇಲಿನ ಒಪ್ಪಿಗೆ

ನಿನ್ನೆ ಕೆಳಗಿನ ಗದ್ದೆ ನಾಟಿ ಮುಗೀತು. ನಾಲೆ ನೀರು ಇನ್ನೆರಡು ದಿನಕ್ಕೆ ನಿಲ್ಲುತ್ತೆ ಅಂತ ಗೊತ್ತಿತ್ತು. ಐದಕ್ಕೆ ಬಿಡಬೇಕಾದ ಹೆಣ್ಣಾಳುಗಳನ್ನ ಆರೂವರೆವರೆಗೂ ಉಳಿಸಿಕೊಂಡೆ. "ಒಂದು ಮೂಲೆ ಉಳಿದದೆ, ಮುಗಿಸ್ಕೊಟ್ಬುಡ್ರವ್ವ" ಅಂದೆ. "ಆಗ್ಲಿ ಬುಡಣ್ಣ" ಅಂದರು. ಜಾಸ್ತಿ ಹೊತ್ತಿಗೆ ಜಾಸ್ತಿ ಕೂಲಿನೂ ಕೊಟ್ಟೆ. ಆದರೆ ಅವರಲ್ಲಿ ಮೂವರು ಮಕ್ಕಳ ಸ್ಕೂಲ್ ಫೀಸಿಗೆ ನನ್ನ ಹತ್ತಿರ ಮುಂಗಡ ತಗೊಂಡವರು. ಅವರ ಬಾಯಲ್ಲಿ "ಆಗಲ್ಲ" ಅನ್ನೋ ಮಾತು ಹೆಂಗೆ ಬಂದಾತು?

ಇದು ತಲೇಲಿ ಕೂತಿದ್ದು ನಮ್ಮಣ್ಣನ ಮಗಳ ಫೋನಿಂದ. ಗಾರ್ಮೆಂಟ್ಸ್‌ನಲ್ಲಿ ಟೈಲರು. ಕೆಲಸಕ್ಕೆ ಸೇರಿದ ದಿನವೇ ಏಳೆಂಟು ಹಾಳೆಗೆ ಸಹಿ ಹಾಕಿಸಿಕೊಂಡರಂತೆ. ಅದರಲ್ಲೊಂದು ದಿನದ ಹೊತ್ತು ಜಾಸ್ತಿಯಾದರೂ ನನಗೆ ಒಪ್ಪಿಗೆ ಅನ್ನೋದು. "ಓದಿ ನೋಡ್ಬಾರ್ದಿತ್ತೇನವ್ವ?" ಅಂದೆ. "ಹಿಂದೆ ನಲವತ್ತು ಜನ ಕ್ಯೂನಲ್ಲಿದ್ರು ಚಿಕ್ಕಪ್ಪ. ಓದ್ತಾ ನಿಂತ್ರೆ ನಾಳೆ ಬಾ ಅಂತಾರೆ."

1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಅಂತ ಗೆರೆ ಎಳೆದಿತ್ತು. ಮೇಲಿನ ಹೊತ್ತಿಗೆ ಎರಡರಷ್ಟು ಸಂಬಳ. 2023ರಲ್ಲಿ ನಮ್ಮ ರಾಜ್ಯ ತಿದ್ದುಪಡಿ ತಂದು, ವಾರದ 48 ಹಾಗೇ ಇಟ್ಟು, ಕೆಲಸಗಾರರು ಬರೆದುಕೊಟ್ಟರೆ ದಿನಕ್ಕೆ 12 ಗಂಟೆವರೆಗೂ ದುಡಿಸಬಹುದು ಅಂತು. ಮೂರು ತಿಂಗಳ ಓಟಿ ಮಿತಿಯನ್ನ 75ರಿಂದ 145 ಗಂಟೆಗೆ ಏರಿಸಿತು. ಲೆಕ್ಕ ಹಾಕಿ ನೋಡಿ, ವಾರಕ್ಕೆ ಹೆಚ್ಚುಕಮ್ಮಿ 11 ಗಂಟೆ ಓಟಿ. 48 ಅನ್ನೋದು 59ಕ್ಕೆ ಬಂತು. ಬಸ್ಸಿನ ಹೊತ್ತು ಇದರಲ್ಲಿ ಇಲ್ಲ.

ನಾಲ್ಕು ದಿನ ದುಡಿದು ಮೂರು ದಿನ ಮನೇಲಿರೋದು ಕೆಲವರಿಗೆ ಅನುಕೂಲ, ಒಪ್ತೀನಿ. ಓಟಿ ಬೇಕು ಅಂತ ಕೇಳಿ ಮಾಡೋರೂ ಇದಾರೆ, ಸಾಲ ಇರುತ್ತೆ. ಅವರ ಕೈ ಕಟ್ಟಿ ಅಂತ ನಾನು ಹೇಳ್ತಿಲ್ಲ. ನನ್ನ ತಕರಾರು ಆ ಹಾಳೆ ಮೇಲೆ.

ಬ್ರಿಟನ್‌ನಲ್ಲೂ 1998ರಿಂದ ಇಂಥದ್ದೇ ಉಂಟು. 17 ವಾರದ ಸರಾಸರಿ ಹಿಡಿದು ವಾರಕ್ಕೆ 48 ಗಂಟೆ, ಬೇಕಾದವರು ಬರೆದುಕೊಟ್ಟು ಆ ಮಿತಿಯಿಂದ ಹೊರಗುಳಿಯಬಹುದು. ಆದರೆ ಕೊಟ್ಟ ಒಪ್ಪಿಗೆ ವಾಪಸ್ ತಗೋಬಹುದು. ಮಾಮೂಲಿಗೆ 7 ದಿನ ಮುಂಚೆ ತಿಳಿಸಿದರೆ ಸಾಕು, ಬೇರೆ ಕರಾರಿದ್ದರೂ ಮೂರು ತಿಂಗಳು ಮೀರುವಂಗಿಲ್ಲ. ಸಹಿ ಹಾಕಲಿಲ್ಲ ಅಂತ ಕೆಲಸದಿಂದ ತೆಗೆಯೋದು ಕಾನೂನಿಗೆ ವಿರುದ್ಧ. ಅಲ್ಲೂ ಸೇರುವ ದಿನವೇ ಸಹಿ ಹಾಕಿಸೋರು ಇರ್ತಾರೆ, ಸ್ವರ್ಗ ಏನಲ್ಲ. ಆದರೂ ಹೊರಬರೋ ಬಾಗಿಲು ಒಂದಿದೆ.

ನಮ್ಮಲ್ಲೂ ಹಾಳೆ ಕನ್ನಡದಲ್ಲಿರಲಿ, ಒಂದು ಪ್ರತಿ ಅವರ ಕೈಲಿರಲಿ. ಸೇರಿದ ದಿನ ಕೇಳಬಾರದು, ತಿಂಗಳು ಕಳೆದ ಮೇಲೆ ಕೇಳಲಿ. ಬೇಡ ಅನಿಸಿದಾಗ ವಾಪಸ್ ತಗೊಳ್ಳೋ ದಾರಿನೂ ಅದೇ ಹಾಳೇಲಿ ಬರೆದಿರಲಿ. ಗದ್ದೆ ಕ್ರಯ ಆಗುವಾಗ ನಾವು ಪತ್ರವನ್ನ ನಾಲ್ಕು ಸಲ ಓದಿಸಿ ಕೇಳ್ತೀವಿ. ಹೆಣ್ಣುಮಗಳ ಹಗಲು ಗದ್ದೆಗಿಂತ ಅಗ್ಗವೇ?

ಹಿಂಗೆ ಬರೆದು ನಾನು ಸುಮ್ಮನೆ ಕೂರೋಕಾಗಲ್ಲವಲ್ಲ. ಬೆಳಿಗ್ಗೆ ಆ ಮೂವರಿಗೂ ಹೇಳಿ ಕಳಿಸಿದೀನಿ, ಮುಂಗಡದ ಲೆಕ್ಕ ಬೇರೆ, ಹೊತ್ತಿನ ಲೆಕ್ಕ ಬೇರೆ ಅಂತ. ಮೇಲಿನದು ಪಂಪ್‌ಸೆಟ್ ಗದ್ದೆ, ಸೋಮವಾರ ನಾಟಿ. ಐದಕ್ಕೆ ಯಾರು ಕೈ ತೊಳ್ಕೊಂಡು ಬದು ಹತ್ತುತ್ತಾರೆ ನೋಡ್ತೀನಿ.